ಯಾರ ಮೋರಿಯಿಂದ ಬಂತು ಈ ಕಸ?

ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಒಂದು ಮೂಲೆ ತುಂಡಾಗಿ ಬೀಳುತ್ತದಲ್ಲ, ಉಗುರಿನಷ್ಟು ಗಾತ್ರದ್ದು, ಅದು ಅಡುಗೆಮನೆಯಿಂದ ಹೇಗೋ ಬೀದಿಗೆ ಬಂದುಬಿಡುತ್ತದೆ. ಮೇ ತಿಂಗಳ ಒಂದು ಸಂಜೆ ಜೋರು ಮಳೆ ಹಿಡಿಯಿತು. ಬೀದಿ ತಿರುವಿನ ಅಂಗಡಿಯ ಸೂರಿನ ಕೆಳಗೆ ನಿಂತು ಎದುರಿನ ಮೋರಿ ಬಾಯನ್ನೇ ನೋಡುತ್ತಿದ್ದೆ. ಮೊದಲು ಬಂದದ್ದು ಒಣಗಿದ ಹೊಂಗೆ ಹೂವು, ಧೂಳು ಕಲಸಿದ ಕಂದು ನೀರು. ಅದರ ಹಿಂದೆಯೇ ಗುಟ್ಕಾ ಚೀಟಿ, ಶಾಂಪೂ ಸ್ಯಾಶೆ, ಕಾಗದದ ಟೀ ಲೋಟ, ಬೀಡಿ ತುಂಡು. ಇವೆಲ್ಲದರ ನಡುವೆ ನೀಲಿ ಬಣ್ಣದ ಒಂದು ಹಾಲಿನ ಪ್ಯಾಕೆಟ್ ಮೂಲೆ. ಮೋರಿಯ ಕಬ್ಬಿಣದ ಜಾಲರಿಗೆ ಒಂದು ಕ್ಷಣ ಅಂಟಿಕೊಂಡಿತು. ಹಿಂದಿನಿಂದ ನೀರು ತಳ್ಳಿತು. ಒಳಗೆ ಹೋಯಿತು.

ಅರ್ಧ ಗಂಟೆಯಲ್ಲಿ ಮಳೆ ನಿಂತಿತು. ರಸ್ತೆ ತೊಳೆದಿಟ್ಟ ಹಾಗಿತ್ತು. ‘ಮಳೆ ಬಂದು ಬೀದಿ ಕ್ಲೀನ್ ಆಯ್ತು ನೋಡಿ’ ಎಂದರು ಅಂಗಡಿಯವರು. ನಾವೆಲ್ಲ ಹೇಳುವ ಮಾತೇ ಅದು. ಆದರೆ ಬೀದಿಯಿಂದ ಹೋದದ್ದು ಎಲ್ಲಿಗೆ ಹೋಯಿತು? ಅಲ್ಲಿ ಹೋಗಿ ಬಿದ್ದ ಮೇಲೆ ಅದು ಯಾರ ಕಸ? ನೋಡೋಕೆ ಸಣ್ಣ ಪ್ರಶ್ನೆ. ಇದನ್ನು ಬಿಡಿಸುತ್ತಾ ಹೋದರೆ ನಗರಪಾಲಿಕೆ, ಕೋರ್ಟು, ಕೆರೆ, ಪಕ್ಕದ ರಾಜ್ಯ ಎಲ್ಲವೂ ಬರುತ್ತವೆ.

ಮೊದಲು ಒಂದು ಗೊಂದಲ ಕಳೆದುಕೊಳ್ಳೋಣ. ನಗರದಲ್ಲಿ ಕೊಳೆನೀರಿಗೆ ಒಂದು ದಾರಿ, ಮಳೆನೀರಿಗೆ ಇನ್ನೊಂದು ದಾರಿ. ಬಚ್ಚಲು, ಶೌಚಾಲಯ, ಅಡುಗೆಮನೆಯ ನೀರು ಹೋಗಬೇಕಾದದ್ದು ಒಳಚರಂಡಿಗೆ. ಜನ ಅದನ್ನು ಯುಜಿಡಿ ಅನ್ನುತ್ತಾರೆ. ಆ ನೀರು ಶುದ್ಧೀಕರಣ ಘಟಕಕ್ಕೆ ಸೇರಬೇಕು. ಮಳೆನೀರು ಹೋಗುವುದು ರಸ್ತೆ ಬದಿಯ ಮೋರಿಗೆ. ಮೋರಿಯ ನೀರನ್ನು ಶುದ್ಧ ಮಾಡುವ ಘಟಕ ಯಾವುದೂ ಕೊನೆಯಲ್ಲಿ ಇರುವುದಿಲ್ಲ. ಮಳೆನೀರು ನೇರ ಕೆರೆಗೋ ಹೊಳೆಗೋ ಸೇರಲಿ ಅಂತಲೇ ಅದನ್ನು ಕಟ್ಟಿರುವುದು. ಹಾಗಾಗಿ ಮೋರಿಗೆ ಗುಡಿಸಿ ಹಾಕಿದ್ದನ್ನು ಮುಂದೆ ಯಾರೋ ಸೋಸುತ್ತಾರೆ ಅನ್ನುವುದು ಸುಮ್ನೆ ನಂಬಿಕೆ. ಮೋರಿಗೆ ಹಾಕಿದ್ದು ಕೆರೆಗೆ ಹಾಕಿದಂತೆಯೇ. ದಾರಿ ಸ್ವಲ್ಪ ಉದ್ದ, ಅಷ್ಟೇ.

ಬೆಂಗಳೂರನ್ನೇ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತ ಊರು ಇದು. ದೊಡ್ಡ ನದಿ ಇಲ್ಲ. ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಒಂದು ವೃಷಭಾವತಿ, ಇನ್ನೊಂದು ಕೋರಮಂಗಲ–ಚಲ್ಲಘಟ್ಟ, ಮತ್ತೊಂದು ಹೆಬ್ಬಾಳ. ಹಿಂದಿನವರು ಈ ಇಳಿಜಾರುಗಳಲ್ಲಿ ಒಂದರ ಕೆಳಗೆ ಒಂದು ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವ ಹಾಗೆ ಕಾಲುವೆ ಬಿಟ್ಟರು. ಅದೇ ರಾಜಕಾಲುವೆ. ಇವತ್ತು ನಗರದಲ್ಲಿ ಸುಮಾರು 860 ಕಿ.ಮೀ. ಉದ್ದದ ರಾಜಕಾಲುವೆ ಇದೆ. ನಮ್ಮ ಬೀದಿ ಮೋರಿಗಳೆಲ್ಲ ಕೊನೆಗೆ ಬಂದು ಸೇರುವುದು ಅದಕ್ಕೇ.

ಹಳೆಯ ಕೆರೆ ವ್ಯವಸ್ಥೆಯಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು, ಕಾಲುವೆ ಕಟ್ಟಿಕೊಂಡರೆ ಬಿಡಿಸುವುದು ಅವನ ಕೆಲಸ. ಕಾಲುವೆಯಲ್ಲಿ ನೀರು ನಿಂತರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಊರಿಗೆಲ್ಲ ಗೊತ್ತಿತ್ತು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಆ ನೀಲಿ ಚೂರಿನ ಹಿಂದೆ ಹೋಗೋಣ. ಅದು ದಿಬ್ಬದ ಪಶ್ಚಿಮಕ್ಕೆ ಬಿದ್ದಿದ್ದರೆ ವೃಷಭಾವತಿಗೆ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬುಡದಲ್ಲಿ ಹುಟ್ಟುತ್ತಾಳೆ ಅಂತ ಜನ ನಂಬಿದ ಹೊಳೆ ಅದು. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಬಿಡದಿ ಕಡೆಯ ಬೈರಮಂಗಲ ಕೆರೆ ತಲುಪಿ, ಅರ್ಕಾವತಿಯನ್ನು ಕೂಡಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಚೂರು ದಿಬ್ಬದ ಪೂರ್ವಕ್ಕೆ ಬಿದ್ದಿದ್ದರೆ ಬೆಳ್ಳಂದೂರು ಕೆರೆ, ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ. ಆಮೇಲೆ ಗಡಿ ದಾಟಿ ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟು. ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸಿದ ಮನೆಗೂ ತಮಿಳುನಾಡಿನ ರೈತರ ಹೊಲಕ್ಕೂ ಹೀಗೊಂದು ಸಂಬಂಧ ಇದೆ. ದಾರಿಯಲ್ಲಿ ಪ್ರತಿಯೊಂದು ಸೇತುವೆಯ ಕೆಳಗೂ, ಪ್ರತಿಯೊಂದು ಕೆರೆಯ ಬಾಯಲ್ಲೂ ಇಂಥ ಚೂರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆ ಹಾಸಿದ ಹಾಗೆ ನಿಲ್ಲುತ್ತವೆ.

ಕಸದ ಮಟ್ಟಿಗೆ ವರ್ಷದ ಮೊದಲ ಮಳೆಯೇ ಎಲ್ಲಕ್ಕಿಂತ ಕೆಟ್ಟದ್ದು. ನಾಲ್ಕೈದು ತಿಂಗಳು ಒಣಗಿದ ಬೀದಿಯಲ್ಲಿ ಕೂತದ್ದೆಲ್ಲ ಒಂದೇ ಸಲ ಹೊರಡುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ತೊಡಕೂ ಇದೆ. ಬೇಸಿಗೆಯಲ್ಲೂ ರಾಜಕಾಲುವೆ ಹರಿಯುತ್ತಿರುವುದನ್ನು ನೀವು ನೋಡಿರಬಹುದು. ಅದು ಮಳೆನೀರಲ್ಲ, ದಾರಿ ತಪ್ಪಿ ಬಂದ ಕೊಳೆನೀರು. ಹಾಗಾಗಿ ಮಳೆ ಇಲ್ಲದ ದಿನವೂ ಇಲ್ಲಿ ಕಸ ಪ್ರಯಾಣ ಮಾಡುತ್ತಿರುತ್ತದೆ.

ಇದರಿಂದ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿಯಿಂದ 5ರ ಬೆಳಗಿನವರೆಗೆ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ಸುರಿಯಿತು. ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಜನ ಆಫೀಸಿಗೆ ಹೋದರು. ಅದಕ್ಕೆ ಕಸ ಒಂದೇ ಕಾರಣ ಅಂದರೆ ತಪ್ಪಾಗುತ್ತದೆ. ಕಾಲುವೆ ಒತ್ತುವರಿ, ಮುಚ್ಚಿಹೋದ ಕೆರೆ, ಕಾಂಕ್ರೀಟ್ ಆದ ನೆಲ, ಇವು ದೊಡ್ಡ ಕಾರಣಗಳು. ಆದರೆ ಒತ್ತುವರಿಯಿಂದ ಅರ್ಧ ಆದ ಕಾಲುವೆಯನ್ನು ಪ್ಲಾಸ್ಟಿಕ್ ಕಾಲು ಭಾಗಕ್ಕೆ ಇಳಿಸಿಬಿಡುತ್ತದೆ. ಬಾಂಗ್ಲಾದೇಶಕ್ಕೆ ಇದು ಮೊದಲೇ ಅರ್ಥವಾಗಿತ್ತು. 1988 ಮತ್ತು 1998ರ ಪ್ರವಾಹಗಳಲ್ಲಿ ತೆಳು ಪ್ಲಾಸ್ಟಿಕ್ ಚೀಲಗಳು ಚರಂಡಿ ಕಟ್ಟಿಸಿದ್ದನ್ನು ಕಂಡು, 2002ರಲ್ಲೇ ಆ ದೇಶ ಅವನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲದ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. ಮಾರ್ಕೆಟ್ಟಿಗೆ ಹೋಗಿ ಸೊಪ್ಪು ಕೊಂಡರೆ ಅದು ಎಷ್ಟು ಜಾರಿಯಲ್ಲಿದೆ ಅಂತ ಗೊತ್ತಾಗುತ್ತದೆ.

ಹಾಗಾದರೆ ಜವಾಬ್ದಾರಿ ಯಾರದು? ಈ ಪ್ರಶ್ನೆ ಎತ್ತಿದ ಕೂಡಲೇ ಒಂದು ಉತ್ತರ ರೆಡಿ ಇರುತ್ತದೆ: ‘ಜನ ಸರಿ ಇಲ್ಲ ಸಾರ್.’ ಅಧಿಕಾರಿಗಳೂ ಇದನ್ನೇ ಹೇಳುತ್ತಾರೆ, ನಾವೂ ಇದನ್ನೇ ಹೇಳುತ್ತೇವೆ. ಇದು ಪೂರ್ತಿ ಸುಳ್ಳಲ್ಲ. ರಸ್ತೆಗೆ, ಚರಂಡಿಗೆ, ಕೆರೆಗೆ ಕಸ ಹಾಕಬಾರದು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರತಿಯೊಬ್ಬರಿಗೂ ಸ್ಪಷ್ಟವಾಗಿ ಹೇಳಿದವು. ಅದೇ ನಿಯಮಗಳು ಸ್ಥಳೀಯ ಸಂಸ್ಥೆಗೂ ಅಷ್ಟೇ ಸ್ಪಷ್ಟವಾಗಿ ಕೆಲಸ ಹಚ್ಚಿದವು: ಮನೆಮನೆಯಿಂದ ಕಸ ಎತ್ತಬೇಕು, ಬೀದಿ ಗುಡಿಸಬೇಕು, ಚರಂಡಿಯಿಂದ ತೆಗೆದ ಹೂಳನ್ನು ಅಲ್ಲೇ ಬಿಡದೆ ಮುಚ್ಚಿದ ಜಾಗದಲ್ಲಿ ಇಟ್ಟು ಸಾಗಿಸಬೇಕು. ಆದರೆ ನಾನು ಆ ‘ಜನ ಸರಿ ಇಲ್ಲ’ ಅನ್ನುವ ಉತ್ತರವನ್ನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ನಿಮ್ಮ ಬಡಾವಣೆಯಲ್ಲಿ ಜನ ದಿನಾ ಕಸ ತಂದು ಸುರಿಯುವ ಒಂದು ಮೂಲೆ ಇರುತ್ತದಲ್ವಾ? ಬ್ಲ್ಯಾಕ್ ಸ್ಪಾಟ್ ಅನ್ನುತ್ತಾರೆ. ಹೆಚ್ಚಿನ ಕಡೆ ಅದು ಮೋರಿ ಪಕ್ಕದಲ್ಲೋ ರಾಜಕಾಲುವೆಯ ತಡೆಗೋಡೆ ಹತ್ತಿರವೋ ಇರುತ್ತದೆ. ಒಂದು ಬೆಳಿಗ್ಗೆ ಆರು ಗಂಟೆಗೆ ಅಲ್ಲಿ ನಿಂತು ನೋಡಿ. ಬರುವವರಲ್ಲಿ ಮನೆಗೆಲಸಕ್ಕೆ ಹೊರಟ ಹೆಂಗಸರು, ಶಿಫ್ಟ್ ಮುಗಿಸಿ ಬಂದ ಹುಡುಗರು, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರು ಜಾಸ್ತಿ. ಕಸದ ಆಟೋ ಬರುವ ಹೊತ್ತಿಗೆ ಅವರು ಮನೆಯಲ್ಲಿ ಇರುವುದಿಲ್ಲ. ಕವರಿನಲ್ಲಿ ಕಟ್ಟಿದ ಕಸವನ್ನು ಒಂದೇ ಕೋಣೆಯ ಮನೆಯಲ್ಲಿ ಎರಡು ದಿನ ಇಟ್ಟುಕೊಳ್ಳೋಕೆ ಆಗುವುದಿಲ್ಲ. ಆಟೋ ಬರುವ ಹೊತ್ತನ್ನು ಬದಲಿಸುವುದು ಅವರ ಕೈಯಲ್ಲಿಲ್ಲ. ಅದು ನಗರದ ಕೈಯಲ್ಲಿದೆ. ಮೋರಿ ಬಾಯಿಗೆ ಜಾಲರಿ ಹಾಕುವುದು, ಹೂಳೆತ್ತುವುದು, ಮಳೆಗೆ ಮುಂಚೆ ಬೀದಿ ಗುಡಿಸುವುದು, ಎಲ್ಲವೂ ನಗರದ ಕೈಯಲ್ಲೇ ಇವೆ. ಎಸೆದವರು ಸಾವಿರಾರು ಜನ, ಅವರನ್ನು ಹಿಡಿಯೋದು ಕಷ್ಟ. ಆದರೆ ಅಷ್ಟೂ ಕಸ ಹಾದು ಹೋಗುವ ಕೊಳವೆ ಒಂದೇ. ಅದು ನಗರದ್ದೇ ಅಂತ ಗೊತ್ತಿದೆ.

ದುಡ್ಡಿಲ್ಲ ಅನ್ನುವ ಮಾತಿಗೂ ನಮ್ಮ ದೇಶದಲ್ಲಿ ಉತ್ತರ ಸಿಕ್ಕು ನಾಲ್ಕು ದಶಕ ದಾಟಿದೆ. ಮಧ್ಯಪ್ರದೇಶದ ರತ್ಲಾಮ್ ಊರಿನ ಒಂದು ವಾರ್ಡಿನ ಜನ, ತೆರೆದ ಚರಂಡಿ ಮತ್ತು ಕೊಳಕಿನ ಕಾಟ ತಾಳಲಾರದೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಪುರಸಭೆಯೇ ಸರಿ ಮಾಡಬೇಕು ಅಂತ ಆದೇಶ ಆಯಿತು. ಪುರಸಭೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ವಾದಿಸಿತು: ಜಾಗ ಹೇಗಿದೆ ಅಂತ ಗೊತ್ತಿದ್ದೇ ಅವರು ಅಲ್ಲಿ ಮನೆ ಮಾಡಿದ್ದಾರೆ, ನಮ್ಮ ಹತ್ತಿರ ಹಣವೂ ಇಲ್ಲ. 1980ರ ಜುಲೈನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಈ ವಾದವನ್ನು ತಳ್ಳಿಹಾಕಿತು. ಜನರ ಮಾನ, ಘನತೆ ಕಾಯುವ ಖರ್ಚು ಸ್ಥಳೀಯ ಸಂಸ್ಥೆಯ ಮೊದಲ ಖರ್ಚು, ಬಜೆಟ್ ನೆಪ ಹೇಳಿ ಅದರಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ಈ ತೀರ್ಪನ್ನು ವಕೀಲರು ಓದುತ್ತಾರೆ, ಕಾನೂನು ವಿದ್ಯಾರ್ಥಿಗಳು ಪರೀಕ್ಷೆಗೆ ಬರೆಯುತ್ತಾರೆ. ವಾರ್ಡ್ ಸಭೆಗೆ ಹೋಗುವ ನಮ್ಮಂಥವರಿಗೂ ಇದು ಗೊತ್ತಿರಬೇಕು.

ಆಮೇಲೆ ಮುಂಬೈಯಂಥ ಊರಿಗೂ ರತ್ಲಾಮ್‌ನಂಥ ಊರಿಗೂ ಒಂದೇ ನಿಯಮ ಬಂತು. ಅಲ್ಮಿತ್ರಾ ಪಟೇಲ್ ಎಂಬ ಬೆಂಗಳೂರಿನ ನಾಗರಿಕರೊಬ್ಬರು 1996ರಲ್ಲಿ ಕಸದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದದ್ದರ ಫಲವಾಗಿ, 2000ದಲ್ಲಿ ಇಡೀ ದೇಶಕ್ಕೆ ನಗರ ಘನತ್ಯಾಜ್ಯದ ಮೊದಲ ನಿಯಮಗಳು ಬಂದವು.

ಕಾನೂನು ಇದೆ, ತೀರ್ಪು ಇದೆ. ಮತ್ತೆ ಎಲ್ಲಿ ಎಡವುತ್ತಿದ್ದೇವೆ? ಒಂದೇ ಕಾಲುವೆಗೆ ಹಲವು ಯಜಮಾನರಿರುವುದೇ ತೊಂದರೆ ಅಂತ ನನಗೆ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ನಡೆದುಬಂದ ಏರ್ಪಾಟು ನೋಡಿ. ಬೀದಿ ಗುಡಿಸಿ ಕಸ ಎತ್ತುವುದು ಒಂದು ವಿಭಾಗ. 2021ರಿಂದ ಘನತ್ಯಾಜ್ಯಕ್ಕೆ ಪ್ರತ್ಯೇಕ ಕಂಪನಿಯನ್ನೇ ಮಾಡಲಾಯಿತು. ರಸ್ತೆ ಬದಿಯ ಸಣ್ಣ ಮೋರಿ ವಾರ್ಡ್ ಎಂಜಿನಿಯರ್ ಪಾಲು. ದೊಡ್ಡ ರಾಜಕಾಲುವೆ ಬೇರೆ ವಿಭಾಗದ ಪಾಲು. ಅದರಲ್ಲಿ ಹರಿಯುವ ಕೊಳೆನೀರು ಜಲಮಂಡಳಿಗೆ ಸೇರಿದ್ದು. ಕೆರೆ ಇನ್ನೊಬ್ಬರದು. ನೀರು ಹಾಳಾಯಿತೇ ಅಂತ ಪರೀಕ್ಷೆ ಮಾಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ನಮ್ಮ ನೀಲಿ ಚೂರು ಒಂದೇ ಮಳೆಯಲ್ಲಿ ಇವರೆಲ್ಲರ ಗಡಿ ದಾಟಿ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದೇವೆ ಅಂತ ಹೇಳಬಹುದು, ಅದು ನಿಜವೂ ಇರಬಹುದು. ಆದರೂ ಚೂರು ಕೆರೆ ಸೇರಿರುತ್ತದೆ. ನೀರುಗಂಟಿಯ ಜಾಗ ಖಾಲಿ ಇದೆ.

ಬೆಳ್ಳಂದೂರು ಕೆರೆ ನೊರೆ ಉಗುಳಿ, 2017ರ ಫೆಬ್ರುವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಹೊತ್ತಿ ಉರಿದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೇಳಿದ್ದೂ ಇದೇ ಪ್ರಶ್ನೆ. 2018ರ ಡಿಸೆಂಬರ್‌ನಲ್ಲಿ ಅದು ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಅಲ್ಲಿನ ಮುಖ್ಯ ರೋಗ ಕೊಳೆನೀರು, ನಿಜ. ಆದರೆ ಕೆರೆಗೆ ಏನು ಬಂದು ಸೇರುತ್ತದೋ ಅದಕ್ಕೆ ಮೇಲಿನ ನಗರವೇ ಹೊಣೆ ಅನ್ನುವ ತತ್ವ ಆ ಆದೇಶದಲ್ಲಿತ್ತು.

ಈ ತತ್ವವನ್ನು ಕಸದ ಮೇಲೆಯೇ, ನೇರವಾಗಿ, ಅಳತೆಗೋಲು ಹಿಡಿದು ಪ್ರಯೋಗಿಸಿದ ಊರು ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿನ ನದಿ ಸುಮಾರು 82 ಕಿ.ಮೀ. ಉದ್ದ. 1938ರ ಪ್ರವಾಹದ ನಂತರ ಅದಕ್ಕೆ ಹೆಚ್ಚುಕಡಿಮೆ ಉದ್ದಕ್ಕೂ ಕಾಂಕ್ರೀಟ್ ಹಾಸಿದರು. ನೋಡಿದರೆ ನಮ್ಮ ರಾಜಕಾಲುವೆಯ ಅಣ್ಣನ ಹಾಗಿದೆ. ದಾರಿಯುದ್ದಕ್ಕೂ ಹತ್ತಾರು ಸಣ್ಣ ದೊಡ್ಡ ನಗರಗಳ ಮೋರಿಗಳು ಅದಕ್ಕೆ ಸೇರುತ್ತವೆ. ಕೊನೆಯಲ್ಲಿ ಸಮುದ್ರದಂಡೆಯ ಲಾಂಗ್ ಬೀಚ್ ನಗರ. ಮೇಲಿನ ಊರುಗಳ ಕಸವೆಲ್ಲ ಪ್ರತಿ ಮಳೆಗೆ ಅವರ ಮರಳ ಮೇಲೆ ಬಂದು ಬೀಳುತ್ತಿತ್ತು.

ಅಲ್ಲಿನ ಕಾನೂನು ಹಿಡಿದ ದಾರಿ ಸರಳ. 1972ರ ಶುದ್ಧ ನೀರಿನ ಕಾಯ್ದೆ ಕೊಳವೆಯ ಬಾಯಿಯನ್ನು ಹಿಡಿಯಿತು. ಕೊಳವೆಯಿಂದ ನದಿಗೆ ಏನಾದರೂ ಬಿಡಬೇಕಾದರೆ ಪರವಾನಗಿ ಬೇಕು. ಮೊದಲು ಇದು ಕಾರ್ಖಾನೆ, ಕೊಳೆನೀರಿನ ಕೊಳವೆಗಳಿಗೆ ಅನ್ವಯಿಸಿತ್ತು. 1987ರ ತಿದ್ದುಪಡಿ ನಗರಗಳ ಮಳೆನೀರಿನ ಮೋರಿಗಳನ್ನೂ ಸ್ಪಷ್ಟವಾಗಿ ಒಳಗೆ ತಂದಿತು. ಯಾರು ಎಸೆದರು ಅನ್ನುವ ಜಗಳ ಅಲ್ಲಿಗೆ ಮುಗಿಯಿತು. ಯಾರ ಕೊಳವೆಯಿಂದ ಹೊರಬಂತೋ ಅವರು ಉತ್ತರ ಹೇಳಬೇಕು. 2001ರಲ್ಲಿ ಅಲ್ಲಿನ ಪ್ರಾದೇಶಿಕ ಜಲಮಂಡಳಿ ಲಾಸ್ ಏಂಜಲೀಸ್ ನದಿಗೆ ಎಷ್ಟು ಕಸ ಬರಬಹುದು ಅಂತ ಮಿತಿ ಹಾಕಿತು. ಆ ಮಿತಿ ಸೊನ್ನೆ. ಒಂದೇ ದಿನಕ್ಕಲ್ಲ, ವರ್ಷ ವರ್ಷ ಇಳಿಸುತ್ತಾ ಸೊನ್ನೆಗೆ ಬರಬೇಕು.

ನಗರಗಳು ಸಿಟ್ಟಾದವು. ಸೊನ್ನೆ ಯಾರಿಂದಲೂ ಆಗದು ಅಂತ ಹಲವು ನಗರಗಳು ಕೋರ್ಟಿಗೆ ಹೋದವು. 2006ರಲ್ಲಿ ಕೋರ್ಟು ಪರಿಸರ ಪರಿಣಾಮದ ಪರಿಶೀಲನೆಯಲ್ಲಿದ್ದ ಲೋಪ ಎತ್ತಿ ತೋರಿಸಿ ನಿಯಮವನ್ನು ತಡೆಯಿತು. ಮಂಡಳಿ ಆ ಕೆಲಸ ಮತ್ತೆ ಮಾಡಿ 2007ರಲ್ಲಿ ನಿಯಮವನ್ನು ಮರಳಿ ತಂದಿತು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ನನಗೆ ಇಷ್ಟವಾದದ್ದು ಆ ನಿಯಮದೊಳಗಿನ ಒಂದು ಅಳತೆ. ನಗರ ಸೊನ್ನೆ ಮುಟ್ಟಿದೆ ಅಂತ ತೋರಿಸುವುದು ಹೇಗೆ? ಬಂದ ಕಸವನ್ನೆಲ್ಲ ದಿನಾ ತೂಗಲು ಆಗುವುದಿಲ್ಲ. ಅದಕ್ಕೆ ಅವರು ಒಂದು ದಾರಿ ಕೊಟ್ಟರು. 5 ಮಿ.ಮೀ. ಕಣ್ಣಿನ ಜಾಲರಿಯಲ್ಲಿ ನಿಲ್ಲುವಷ್ಟು ದೊಡ್ಡದಾದ ಯಾವ ವಸ್ತುವನ್ನೂ ಮೋರಿ ಮುಂದೆ ಬಿಡಬಾರದು. ವರ್ಷಕ್ಕೊಮ್ಮೆ ಬರುವಂಥ ಒಂದು ಗಂಟೆಯ ಜೋರು ಮಳೆಯಲ್ಲೂ ಅದು ಕೆಲಸ ಮಾಡಬೇಕು. ಮೋರಿಗೆ ಇಂಥ ವ್ಯವಸ್ಥೆ ಕೂರಿಸಿ, ಸರಿಯಾಗಿ ನೋಡಿಕೊಂಡರೆ ಆ ಮೋರಿಯ ಲೆಕ್ಕ ಮುಗಿಯಿತು. 5 ಮಿ.ಮೀ. ಅಂದರೆ ಸಿಗರೇಟಿನ ತುದಿ ದಾಟಲಾರದು. ಹಾಲಿನ ಪ್ಯಾಕೆಟ್ ಮೂಲೆಯೂ ಅಷ್ಟೇ. ದುಡ್ಡು ಎಲ್ಲಿಂದ ಅಂದಿರಾ? 2004ರಲ್ಲಿ ಲಾಸ್ ಏಂಜಲೀಸ್ ಮತದಾರರೇ ನೀರು ಶುದ್ಧ ಇಡುವ ಕೆಲಸಗಳಿಗಾಗಿ 50 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಅದರ ಒಂದು ಭಾಗ ಮೋರಿ ಬಾಯಿಗಳಿಗೆ ಹೋಯಿತು.

ಅಮೆರಿಕದ್ದೇ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ್ದು ಇನ್ನೊಂದು ದಾರಿ. 2014ರಿಂದ ಅಲ್ಲಿ ಜೋನ್ಸ್ ಫಾಲ್ಸ್ ಹೊಳೆ ಬಂದರಿಗೆ ಸೇರುವ ಜಾಗದಲ್ಲಿ ನೀರಿನ ಸೆಳೆತ ಮತ್ತು ಬಿಸಿಲಿನಿಂದ ತಿರುಗುವ ಒಂದು ಚಕ್ರ ಕಸ ಎತ್ತಿ ತೊಟ್ಟಿಗೆ ಹಾಕುತ್ತದೆ. ಅದಕ್ಕೆ ಎರಡು ದೊಡ್ಡ ಕಣ್ಣು ಅಂಟಿಸಿ ಮಕ್ಕಳ ಗೆಳೆಯನಂತೆ ಮಾಡಿದ್ದಾರೆ. ಕೊನೆಯಲ್ಲಿ ಹಿಡಿಯುವುದು ತಡವಾದ ಉಪಾಯವೇ, ಏಕೆಂದರೆ ಅಷ್ಟರಲ್ಲಿ ಕಸ ಇಡೀ ಹೊಳೆ ದಾಟಿ ಬಂದಿರುತ್ತದೆ. ಆದರೆ ಅವರು ಎತ್ತಿದ ಪ್ರತಿ ತೊಟ್ಟಿಯಲ್ಲಿ ಎಷ್ಟು ಬಾಟಲಿ, ಎಷ್ಟು ಥರ್ಮಕೋಲ್ ಡಬ್ಬಿ ಅಂತ ಲೆಕ್ಕ ಇಟ್ಟು ಪ್ರಕಟಿಸುತ್ತಾ ಬಂದರು. ಲೆಕ್ಕ ಕಣ್ಣ ಮುಂದೆ ಇದ್ದಾಗ ಥರ್ಮಕೋಲ್ ಡಬ್ಬಿ ನಿಷೇಧಿಸಿ ಅಂತ ಕೇಳುವುದು ಸುಲಭವಾಯಿತು. 2020ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಆ ನಿಷೇಧ ಜಾರಿಗೂ ಬಂತು.

ಇದನ್ನೆಲ್ಲ ಹಾಗೇ ತಂದು ಇಲ್ಲಿ ಕೂರಿಸಬಹುದಾ? ಆಗುವುದಿಲ್ಲ. ಲಾಸ್ ಏಂಜಲೀಸ್‌ಗಿಂತ ನಮ್ಮಲ್ಲಿ ಮಳೆ ಎರಡು ಪಟ್ಟಿಗೂ ಜಾಸ್ತಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಬೀಳುತ್ತದೆ, ಅದೂ ಗಂಟೆಯೊಳಗೆ ಸುರಿದು ಹೋಗುವ ಮಳೆ. 5 ಮಿ.ಮೀ. ಜಾಲರಿಗೆ ಹೊಂಗೆ ಎಲೆ, ಕಟ್ಟಡದ ಮರಳು, ಕೆಸರು ಕೂಡಿದರೆ ಹತ್ತು ನಿಮಿಷದಲ್ಲಿ ಮೋರಿ ಬಾಯಿ ಕಟ್ಟಿ ರಸ್ತೆ ಕೆರೆಯಾಗುತ್ತದೆ. ಆಗ ಜನ ಏನು ಮಾಡುತ್ತಾರೆ? ಜಾಲರಿಯನ್ನೇ ಕಿತ್ತು ಪಕ್ಕಕ್ಕೆ ಇಡುತ್ತಾರೆ. ನಾನೂ ಅದನ್ನೇ ಮಾಡಿಯೇನು. ಜಾಲರಿ ಹಾಕುವುದು ಒಂದು ದಿನದ ಕೆಲಸ, ಅದನ್ನು ಬರಿದು ಮಾಡುವುದು ವರ್ಷಪೂರ್ತಿ ಕೆಲಸ. ನೀರು ಉಕ್ಕಿದರೆ ಮೇಲಿಂದ ದಾಟಿ ಹೋಗಲು ದಾರಿ ಬಿಟ್ಟ ಜಾಲರಿ ಬೇಕು. ಮೊದಲು ಮಾರುಕಟ್ಟೆ, ಬಸ್ ನಿಲ್ದಾಣ, ತಿಂಡಿ ಗಾಡಿಗಳ ಸಾಲು ಇರುವ ಕಡೆ ಹಾಕಬೇಕು. ಕಸ ಎಲ್ಲೆಡೆ ಸಮನಾಗಿ ಹುಟ್ಟುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮೋರಿ ಶುದ್ಧ ಮಾಡಿ ಅಂತ ನಾವು ಜೋರು ಮಾಡಿದಾಗ, ಕೊನೆಗೆ ಬರಿಗಾಲಲ್ಲಿ ಅದರೊಳಗೆ ಇಳಿಯುವವರು ಯಾರು ಅಂತ ನಮಗೆಲ್ಲ ಗೊತ್ತು. ಒಳಚರಂಡಿಗೆ ಮನುಷ್ಯರನ್ನು ಅಪಾಯಕರವಾಗಿ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕೊಳೆನೀರು ಹರಿಯುವ ರಾಜಕಾಲುವೆ ಹೆಸರಿಗಷ್ಟೇ ಮಳೆನೀರಿನದು. ಅದರೊಳಗೆ ಇಳಿಯುವವರಿಗೂ ಅದೇ ರಕ್ಷಣೆ ಸಿಗಬೇಕು. ಯಂತ್ರ, ಬೂಟು, ಗ್ಲೌಸ್, ಸರಿಯಾದ ಕೂಲಿ ಇಲ್ಲದ ಶುದ್ಧ ಕಾಲುವೆ ನನಗೆ ಬೇಡ.

ಲಾಸ್ ಏಂಜಲೀಸ್ ಕತೆ ಈಗ ನಮಗೆ ಹತ್ತಿರವಾಗಿರುವುದಕ್ಕೆ ಹೊಸ ಕಾರಣವೂ ಇದೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಒಂದು ಪಾಲಿಕೆಯ ಬದಲು ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ಪಾಲಿಕೆಗಳು ಬಂದಿವೆ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ರಾಜಕಾಲುವೆಗೆ ಈ ಗಡಿ ಕಾಣುವುದಿಲ್ಲ. ಕೇಂದ್ರದ ಮಾರುಕಟ್ಟೆಯಲ್ಲಿ ಹೊರಟ ಕಸ ಇನ್ನೊಂದು ಪಾಲಿಕೆಯ ಕೆರೆಯಲ್ಲಿ ತೇಲುತ್ತದೆ. ಕೆಳಗಿನವರು ಮೇಲಿನವರನ್ನು ದೂರುತ್ತಾರೆ, ಲಾಂಗ್ ಬೀಚ್‌ನವರು ದೂರಿದ ಹಾಗೆ. ಹಾಗಾಗಿ ಒಂದು ಪಾಲಿಕೆಯಿಂದ ಇನ್ನೊಂದಕ್ಕೆ ಕಾಲುವೆ ದಾಟುವ ಪ್ರತಿ ಜಾಗದಲ್ಲೂ ತಡೆ ಹಾಕಿ, ನಿಂತ ಕಸವನ್ನು ಎತ್ತಿ, ತೂಗಿ, ಆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುವುದು ಮೊದಲು ಆಗಬೇಕಾದ ಕೆಲಸ ಅಂತ ನನ್ನ ಅಭಿಪ್ರಾಯ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ತಕ್ಕಡಿ ಬೇಕು.

ಅಲ್ಲಿಯವರೆಗೆ ನಾವು ಸುಮ್ನೆ ಕೂರಬೇಕಿಲ್ಲ. ಮುಂದಿನ ವಾರ್ಡ್ ಸಭೆಯಲ್ಲಿ, ಇಲ್ಲವೇ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದಾದ ಪ್ರಶ್ನೆಗಳಿವೆ. ನಮ್ಮ ಬೀದಿಯ ಮೋರಿ ಯಾವ ರಾಜಕಾಲುವೆಗೆ, ಯಾವ ಕೆರೆಗೆ ಸೇರುತ್ತದೆ? ಕಳೆದ ವರ್ಷ ಅದರಿಂದ ಎಷ್ಟು ಲೋಡ್ ಹೂಳು ತೆಗೆದರು, ಯಾವ ತಾರೀಖು, ಅದನ್ನು ಎಲ್ಲಿ ಹಾಕಿದರು? ಮುಂಗಾರಿಗೆ ಮುಂಚೆ ತೆಗೆದರಾ, ನೀರು ನುಗ್ಗಿದ ಮೇಲೆ ತೆಗೆದರಾ? ತೆಗೆದ ರಾಶಿ ಮೋರಿ ಪಕ್ಕದಲ್ಲೇ ಎಷ್ಟು ದಿನ ಇತ್ತು? ಕೊನೆಗೆ ಒಂದು ಪ್ರಶ್ನೆ, ಊರ ನೀರುಗಂಟಿಯ ಕಾಲದಲ್ಲಿ ಕೇಳುವ ಅಗತ್ಯವೇ ಬೀಳದಿದ್ದದ್ದು: ಈ ಮೋರಿ ಬಾಯಿಯಿಂದ ಹಿಡಿದು ಕೆರೆಯವರೆಗೆ ಉತ್ತರ ಹೇಳುವವರ ಹೆಸರು, ಹುದ್ದೆ, ಫೋನ್ ನಂಬರ್ ಏನು?